ಮದ್ದು ಮಂಡಿಯಲ್ಲಿ ನಿಂತರೆ ಸಾಕೇ?



ಭಾನುವಾರದ ಆರಾಧನೆಯಲ್ಲಿ ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸುವ ಹೊತ್ತಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತೇ ಇರುವ ತಾಯಂದಿರನ್ನು ನೀವು ನೋಡಿರುತ್ತೀರಿ. ಅವರಿಗೆ ಭಕ್ತಿ ಕಡಿಮೆಯಾಯಿತೆಂದು ಯಾರೂ ತಿಳಿಯಬಾರದು. ಮೂವತ್ತು ವರ್ಷ ಚಹಾ ತೋಟದ ಗುಡ್ಡ ಹತ್ತಿ ಇಳಿದ ಮಂಡಿಗಳನ್ನು ಈಗ ಮಡಚಲು ಬರುವುದಿಲ್ಲ. ಹೇಗೋ ಮಡಚಿದರೆ ಮತ್ತೆ ಎದ್ದು ನಿಲ್ಲಲಾಗುವುದಿಲ್ಲ.

ಅಂಥ ಒಬ್ಬ ತಾಯಿಯನ್ನು ಕಳೆದ ಮಳೆಗಾಲದಲ್ಲಿ ಅವರ ಪಾಡಿ ಮನೆಯಲ್ಲಿ ಕಂಡು ಮಾತನಾಡಿಸಿದೆ. "ಪೇಟೆಯ ಡಾಕ್ಟರು ಮಂಡಿಗೆ ಸೂಜಿ ಹಾಕಿದರು ಅಣ್ಣಾ. ಒಂದು ತಿಂಗಳು ನೋವೇ ಇರಲಿಲ್ಲ. ಆಮೇಲೆ ಮೊದಲಿನ ಹಾಗೇ ಆಯಿತು. ಈ ವರ್ಷ ಇದು ನಾಲ್ಕನೆಯದು" ಎಂದರು. ಯಾವ ಮದ್ದು ಅಕ್ಕಾ ಎಂದು ಕೇಳಿದೆ. "ಅದನ್ನೆಲ್ಲ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ" ಎಂದರು. ಸೂಜಿ ಹಾಕಿಸಿಕೊಂಡ ಮೇಲೆ ಎಷ್ಟು ದಿನ ರಜೆ ತೆಗೆದುಕೊಂಡಿರಿ ಎಂದೆ. ಅವರು ನಕ್ಕುಬಿಟ್ಟರು. "ರಜೆಯೇ? ನೋವು ಹೋಯಿತಲ್ಲ, ಮರುದಿನವೇ ಸೊಪ್ಪು ಕೀಳಲು ಹೋದೆ."

ಈ ಕೊನೆಯ ಮಾತು ನನ್ನನ್ನು ಬಹಳ ದಿನ ಕಾಡಿತು. ನೋವು ಹೋಯಿತು, ಆದುದರಿಂದ ಅದೇ ಗುಡ್ಡಕ್ಕೆ ಅದೇ ಚೀಲ ಹೊತ್ತು ಹೋದರು. ಮದ್ದು ಮಂಡಿಯಲ್ಲಿ ಒಂದು ತಿಂಗಳಲ್ಲ, ಮೂರು ತಿಂಗಳು ನಿಲ್ಲುವಂತೆ ಮಾಡಲು ಲೋಕದ ದೊಡ್ಡ ದೊಡ್ಡ ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ. ಅದು ಒಳ್ಳೆಯ ಕೆಲಸವೇ. ಆದರೆ ಅಂಥ ಮದ್ದು ನಾಳೆ ನಮ್ಮ ತೋಟಗಳಿಗೆ ಬಂದರೆ ಈ ತಾಯಿಗೆ ಸಿಗುವುದು ಮೂರು ತಿಂಗಳ ವಿಶ್ರಾಂತಿಯೋ, ಮೂರು ತಿಂಗಳ ಹೆಚ್ಚಿನ ದುಡಿತವೋ? ಇದನ್ನು ನಾವು ಈಗಲೇ ಯೋಚಿಸಬೇಕಾಗಿದೆ.

ಮಂಡಿಯೊಳಗೆ ನಡೆಯುವುದೇನು?

ಎರಡು ಎಲುಬುಗಳು ಸೇರುವ ಕೀಲಿನಲ್ಲಿ, ಎಲುಬಿನ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಅದರ ನಡುವೆ ಎಣ್ಣೆಯಂಥ ಸ್ವಲ್ಪ ದ್ರವ. ಆರೋಗ್ಯವಾದ ಮಂಡಿಯಲ್ಲಿ ಈ ದ್ರವ ಒಂದು ಚಿಕ್ಕ ಚಮಚಕ್ಕಿಂತಲೂ ಕಡಿಮೆ. ಇದರ ಸುತ್ತ ಒಂದು ತೆಳು ಪೊರೆ. ವಯಸ್ಸು, ಮೈತೂಕ, ಹಿಂದೆ ಬಿದ್ದು ಆದ ಪೆಟ್ಟು, ಭಾರ ಹೊರುವ ಮತ್ತು ಮಂಡಿಯೂರುವ ಕೆಲಸ, ಇವೆಲ್ಲದರಿಂದ ಆ ಹೊದಿಕೆ ಸವೆಯುತ್ತದೆ, ಪೊರೆ ಊದಿಕೊಳ್ಳುತ್ತದೆ, ಎಲುಬಿನ ಅಂಚಿನಲ್ಲಿ ಮುಳ್ಳಿನಂತೆ ಬೆಳೆಯುತ್ತದೆ. ಇದನ್ನೇ ವೈದ್ಯರು ಆಸ್ಟಿಯೋಆರ್ಥ್ರೈಟಿಸ್ ಎನ್ನುತ್ತಾರೆ. ನಾವು ಮಂಡಿ ಸವೆತ ಎನ್ನುತ್ತೇವೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಮೃದ್ವಸ್ಥಿಗೆ ರಕ್ತನಾಳಗಳಿಲ್ಲ ಎಂಬುದನ್ನು ನೆನಪಿಡಬೇಕು. ನುಂಗಿದ ಮಾತ್ರೆ ರಕ್ತದೊಡನೆ ಮೈಯೆಲ್ಲ ಸುತ್ತಿ, ಹೊಟ್ಟೆಗೂ ಮೂತ್ರಪಿಂಡಕ್ಕೂ ಹೋಗಿ, ಕಡೆಗೆ ಸ್ವಲ್ಪ ಮಾತ್ರ ಮಂಡಿಗೆ ಮುಟ್ಟುತ್ತದೆ. ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಿಗೆ ಹೊಟ್ಟೆಯಲ್ಲಿ ಹುಣ್ಣಾಗುವುದೂ ಮೂತ್ರಪಿಂಡ ಕೆಡುವುದೂ ಇದರಿಂದಲೇ. ಹಾಗಿದ್ದರೆ ನೇರವಾಗಿ ಮಂಡಿಯೊಳಕ್ಕೇ ಮದ್ದು ಹಾಕಿದರಾಗದೇ? ಈ ಯೋಚನೆ ಹೊಸದಲ್ಲ. 1951ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜೋಸೆಫ್ ಹಾಲೆಂಡರ್ ಎಂಬ ವೈದ್ಯರೂ ಅವರ ಸಂಗಡಿಗರೂ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಮದ್ದನ್ನು ರೋಗಿಗಳ ಕೀಲುಗಳಿಗೇ ಚುಚ್ಚಿ, ಊತವೂ ನೋವೂ ತಗ್ಗಿದುದನ್ನು ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೂ ಮಂಡಿಗೆ ಹಾಕುವ ಸೂಜಿಮದ್ದುಗಳಲ್ಲಿ ಸ್ಟೀರಾಯ್ಡೇ ಮುಖ್ಯವಾದುದು.

ಮದ್ದು ಏಕೆ ನಿಲ್ಲುವುದಿಲ್ಲ?

ನಮ್ಮ ತೋಟಗಳಲ್ಲಿ ಜೋರು ಮಳೆಯ ದಿನ ಗೊಬ್ಬರ ಹಾಕುವುದಿಲ್ಲ. ಹಾಕಿದ್ದೆಲ್ಲ ಇಳಿಜಾರಿನಲ್ಲಿ ಹರಿದು ಹಳ್ಳ ಸೇರುತ್ತದೆ, ಗಿಡದ ಬೇರಿಗೆ ಸಿಗುವುದಿಲ್ಲ ಎಂದು ಎಲ್ಲರಿಗೂ ತಿಳಿದಿದೆ. ಮಂಡಿಯ ಕಥೆಯೂ ಹೀಗೆಯೇ. ಕೀಲಿನ ಪೊರೆಯಲ್ಲಿ ಸಣ್ಣ ರಕ್ತನಾಳಗಳಿವೆ. ಒಳಗಿನ ದ್ರವವು ಸದಾ ಬದಲಾಗುತ್ತಿರುತ್ತದೆ. ನೀರಿನಲ್ಲಿ ಚೆನ್ನಾಗಿ ಕರಗುವ ಮದ್ದನ್ನು ಒಳಗೆ ಬಿಟ್ಟರೆ ಅದರ ಬಹುಭಾಗ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಸೇರಿ ಹೊರಟುಹೋಗುತ್ತದೆ.

ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ, ಬೇಗ ಕರಗದ ಹರಳಿನ ರೂಪದಲ್ಲಿ ಸ್ಟೀರಾಯ್ಡನ್ನು ಕೊಡುವುದು. ಟ್ರಯಾಮ್ಸಿನೋಲೋನ್, ಮೀಥೈಲ್‌ಪ್ರೆಡ್ನಿಸೋಲೋನ್ ಎಂಬ ಹೆಸರಿನ, ಹಾಲಿನಂತೆ ಬಿಳಿಯಾಗಿರುವ ಮದ್ದುಗಳು ಇವೇ. ನಮ್ಮ ಕಡೆಯ ಪೇಟೆಗಳಲ್ಲಿ ಸಾಮಾನ್ಯವಾಗಿ ಹಾಕುವುದೂ ಇವನ್ನೇ. ಹರಳು ನಿಧಾನವಾಗಿ ಕರಗುವುದರಿಂದ ಪರಿಣಾಮ ಕೆಲವು ವಾರ ಇರುತ್ತದೆ. ಲೋಕದ ನಾನಾ ಕಡೆ ನಡೆದ ಪರೀಕ್ಷೆಗಳನ್ನು ಒಟ್ಟುಮಾಡಿ ನೋಡಿದ ಕಾಕ್ರೇನ್ ಸಂಸ್ಥೆಯ 2015ರ ಪರಿಶೀಲನೆಯೂ ಇದನ್ನೇ ಹೇಳಿತು. ಪ್ರಯೋಜನ ಕಂಡುಬಂದರೆ ಅದು ಒಂದರಿಂದ ಆರು ವಾರಗಳ ಮಾತು; ಆರು ತಿಂಗಳಿಗೆ ಏನೂ ಉಳಿದಿರುವುದಿಲ್ಲ. ನಮ್ಮ ಅಕ್ಕ ಹೇಳಿದ ಒಂದು ತಿಂಗಳ ಲೆಕ್ಕ ಸುಳ್ಳಲ್ಲ.

ನಿಲ್ಲಿಸಲು ನಡೆದಿರುವ ಪ್ರಯತ್ನ

ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ತಾನಾಗಿ ಕರಗಿಹೋಗುವ ದಾರವನ್ನು ಬಳಸುವುದುಂಟು. ಅದೇ ಜಾತಿಯ ವಸ್ತುವಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳನ್ನು ಮಾಡಿ, ಅವುಗಳೊಳಗೆ ಮದ್ದನ್ನು ಸೇರಿಸಿ ಮಂಡಿಗೆ ಬಿಡುವ ಕ್ರಮ ಈಗ ಬಂದಿದೆ. ಉಂಡೆ ದಿನದಿನಕ್ಕೆ ಸವೆದಂತೆಲ್ಲ ಮದ್ದು ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತದೆ. ಹೀಗೆ ಟ್ರಯಾಮ್ಸಿನೋಲೋನನ್ನೇ ತುಂಬಿದ ಜಿಲ್ರೆಟ್ಟಾ ಎಂಬ ಸೂಜಿಮದ್ದಿಗೆ 2017ರ ಅಕ್ಟೋಬರ್‌ನಲ್ಲಿ ಅಮೆರಿಕದ ಸರಕಾರ ಅನುಮತಿ ಕೊಟ್ಟಿತು. 484 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಬರಿಯ ಉಪ್ಪುನೀರು ಹಾಕಿಸಿಕೊಂಡವರಿಗಿಂತ ಇದನ್ನು ಹಾಕಿಸಿಕೊಂಡವರಿಗೆ 12ನೇ ವಾರದಲ್ಲಿಯೂ ನೋವು ಕಡಿಮೆಯಿತ್ತು. ಆದರೆ ದಿನದ ಸರಾಸರಿ ನೋವಿನ ಮುಖ್ಯ ಅಳತೆಯಲ್ಲಿ, ಹಳೆಯ ಹರಳಿನ ಮದ್ದಿಗಿಂತ ಇದು ಮೇಲೆಂದು ಸಾಬೀತಾಗಲಿಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆ ಏರುವುದು ಹಳೆಯದಕ್ಕಿಂತ ಕಡಿಮೆ ಎಂಬುದು ಒಂದು ಸಣ್ಣ ಪರೀಕ್ಷೆಯಲ್ಲಿ ಕಂಡ ಲಾಭ.

ಇನ್ನೂ ಮುಂದಕ್ಕೆ ಹೋದವರಿದ್ದಾರೆ. ಮೃದ್ವಸ್ಥಿಯಲ್ಲಿ ಋಣ ವಿದ್ಯುತ್ತಿನ ಗುಣವಿದೆ. ಧನ ವಿದ್ಯುತ್ತಿನ ಗುಣವುಳ್ಳ ಸೂಕ್ಷ್ಮ ಕಣಕ್ಕೆ ಮದ್ದನ್ನು ಕಟ್ಟಿ ಕಳುಹಿಸಿದರೆ ಅದು ಮೃದ್ವಸ್ಥಿಗೇ ಅಂಟಿ ಒಳಗಿಳಿಯುತ್ತದೆ. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮಂಡಿಯಲ್ಲಿ ಇದನ್ನು ಮಾಡಿ ತೋರಿಸಿದರು. ಮದ್ದು ಸುಮಾರು ಒಂದು ತಿಂಗಳು ಅಲ್ಲಿ ಉಳಿಯಿತು. ನಮಗೆ ಹತ್ತಿರದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ದಶಕದ ಆರಂಭದಲ್ಲಿ ಇಂಥ ಕೆಲಸ ನಡೆದಿದೆ. ಮೂತ್ರಪಿಂಡ ಕಸಿ ಮಾಡಿದವರಿಗೆ ಕೊಡುವ ರಾಪಾಮೈಸಿನ್ ಎಂಬ ಮದ್ದನ್ನು ಅದೇ ಕರಗುವ ಉಂಡೆಗಳಲ್ಲಿ ತುಂಬಿ ಸಣ್ಣ ಇಲಿಗಳಿಗೆ ಹಾಕಿ, ಸವೆತ ತಗ್ಗುವುದನ್ನು ಕಂಡರು. ಇಲಿಯ ಮಂಡಿಗೂ ನಮ್ಮ ಮಂಡಿಗೂ ಬಹಳ ದೂರವಿದೆ ಎಂಬುದನ್ನು ಮರೆಯಬಾರದು. ಆದರೂ ಆ ಮದ್ದಿನ ಗುರಿ ನೋವನ್ನಷ್ಟೇ ಅಲ್ಲ, ಸವೆತವನ್ನೇ ತಡೆಯುವುದು ಎಂಬುದು ಸಂತೋಷದ ಸಂಗತಿ.

ನಿಂತ ಮದ್ದೆಲ್ಲ ಒಳ್ಳೆಯದನ್ನೇ ಮಾಡುವುದೇ?

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಅಮೆರಿಕದ ಬಾಸ್ಟನ್ ನಗರದಲ್ಲಿ ಮಂಡಿ ಸವೆತದ 140 ಜನರಿಗೆ ಎರಡು ವರ್ಷ ಕಾಲ ಮೂರು ತಿಂಗಳಿಗೊಮ್ಮೆ ಸೂಜಿ ಹಾಕಿದರು. ಅರ್ಧ ಜನರಿಗೆ 40 ಮಿಲಿಗ್ರಾಂ ಟ್ರಯಾಮ್ಸಿನೋಲೋನ್, ಇನ್ನರ್ಧ ಜನರಿಗೆ ಬರಿಯ ಉಪ್ಪುನೀರು. 2017ರಲ್ಲಿ ಫಲಿತಾಂಶ ಬಂತು. ಎರಡು ವರ್ಷದ ಕೊನೆಗೆ ನೋವಿನಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸವಿರಲಿಲ್ಲ. ಆದರೆ ಮೃದ್ವಸ್ಥಿಯ ದಪ್ಪ ಉಪ್ಪುನೀರಿನವರಲ್ಲಿ 0.10 ಮಿಲಿಮೀಟರ್ ಕಡಿಮೆಯಾಗಿದ್ದರೆ ಸ್ಟೀರಾಯ್ಡಿನವರಲ್ಲಿ 0.21 ಮಿಲಿಮೀಟರ್ ಕಡಿಮೆಯಾಗಿತ್ತು. ಅಂದರೆ ಇಮ್ಮಡಿಗೂ ಹೆಚ್ಚು.

ಇನ್ನೊಂದು ಉದಾಹರಣೆ. ನೋವಿನ ನರಕ್ಕೆ ಸೂಚನೆ ಹೋಗುವುದನ್ನೇ ತಡೆಯುವ ಟಾನೆಜುಮಾಬ್ ಎಂಬ ಮದ್ದನ್ನು ಕಂಡುಹಿಡಿದರು. ಇದು ಕೀಲಿಗೆ ಹಾಕುವುದಲ್ಲ, ಚರ್ಮದಡಿ ಚುಚ್ಚುವುದು. ನೋವೇನೋ ತಗ್ಗಿತು, ಆದರೆ ಕೆಲವರಲ್ಲಿ ಕೀಲುಗಳು ಬಹು ಬೇಗನೆ ಹಾಳಾದವು. 2021ರ ಮಾರ್ಚ್‌ನಲ್ಲಿ ಅಮೆರಿಕ ಸರಕಾರದ ಸಲಹೆಗಾರ ವೈದ್ಯರು 19ಕ್ಕೆ 1ರಂತೆ ಅದರ ವಿರುದ್ಧ ಮತ ಹಾಕಿದರು. ಮುಂದೆ ಕಂಪನಿಯೂ ಅದನ್ನು ಕೈಬಿಟ್ಟಿತು.

ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು. ನೋವು ಹೋದುದಕ್ಕೂ ಕೀಲು ವಾಸಿಯಾದುದಕ್ಕೂ ಬಹಳ ಅಂತರವಿದೆ. ನೋವು ಬರುವಾಗ ಮಂಡಿ ನಮಗೆ ಏನನ್ನೋ ಹೇಳುತ್ತಿರುತ್ತದೆ. ಅದರ ಬಾಯಿ ಮುಚ್ಚಿಸಿ ಅದರ ಮೇಲೆ ಮೊದಲಿನ ಹೊರೆಯನ್ನೇ ಹೇರಿದರೆ ನಮ್ಮ ಆಸ್ತಿಯನ್ನು ನಾವೇ ಅಡವಿಟ್ಟಂತೆ.

ಹಾಗಾದರೆ ಸೂಜಿಯೇ ಬೇಡವೇ ಎಂದು ಕೆಲವರು ಕೇಳಬಹುದು. "ರಾತ್ರಿ ನಿದ್ರೆಯಿಲ್ಲದೆ ನರಳುವವಳಿಗೆ ಇರುವ ಒಂದು ಆಸರೆಯನ್ನೂ ಕಿತ್ತುಕೊಳ್ಳುತ್ತೀರಾ?" ಎಂದು ನನ್ನೊಡನೆ ಜಗಳವಾಡಿದವರೂ ಇದ್ದಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ಊದಿಕೊಂಡು ಬಿಸಿಯಾದ ಮಂಡಿಗೆ, ಒಳ್ಳೆಯ ವೈದ್ಯರು ಶುದ್ಧವಾದ ಕ್ರಮದಲ್ಲಿ ಹಾಕಿದ ಒಂದು ಸೂಜಿ ದೇವರ ಕರುಣೆಯೆಂದೇ ನಾನು ನಂಬುತ್ತೇನೆ. ಪ್ರಶ್ನೆ ಇರುವುದು ಆ ಸೂಜಿ ಗಳಿಸಿಕೊಟ್ಟ ನಾಲ್ಕು ವಾರವನ್ನೋ ಹನ್ನೆರಡು ವಾರವನ್ನೋ ನಾವು ಹೇಗೆ ಖರ್ಚು ಮಾಡುತ್ತೇವೆ ಎಂಬುದರಲ್ಲಿ.

2020ರಲ್ಲಿ ಅಮೆರಿಕದ ಸೈನ್ಯದ ಆಸ್ಪತ್ರೆಗಳಲ್ಲಿ 156 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಟೀರಾಯ್ಡ್ ಸೂಜಿಯನ್ನೂ ಇನ್ನೊಂದಕ್ಕೆ ವ್ಯಾಯಾಮ ಚಿಕಿತ್ಸೆಯನ್ನೂ ಕೊಟ್ಟ ಪರೀಕ್ಷೆ ಪ್ರಕಟವಾಯಿತು. ಒಂದು ವರ್ಷದ ನಂತರ ನೋವಿನಲ್ಲಿಯೂ ನಡೆದಾಟದಲ್ಲಿಯೂ ವ್ಯಾಯಾಮದವರೇ ಮೇಲಾಗಿದ್ದರು. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಯ ಮೇಲಿನ ಹೊರೆಯನ್ನು ಅದು ಹಂಚಿಕೊಳ್ಳುತ್ತದೆ. ಹಾಗೆಯೇ ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಭಾರ ನಾಲ್ಕು ಕಿಲೋ ಇಳಿಯುತ್ತದೆಂದು 2005ರಲ್ಲಿ ಅಳೆದು ಹೇಳಿದ್ದಾರೆ. ಅದು ದೇಹದ ತೂಕದ ಲೆಕ್ಕ. ಬೆನ್ನ ಮೇಲಿನ ಸೊಪ್ಪಿನ ಚೀಲವನ್ನೂ ಅದೇ ಮಂಡಿ ಹೊರುತ್ತದೆ ಎಂದು ಹೇಳಲು ಯಾವ ವಿಜ್ಞಾನಿಯೂ ಬೇಕಿಲ್ಲ.

ಹೊಣೆ ಯಾರದು?

ಮಂಡಿಗೆ ಮದ್ದು ಚುಚ್ಚುವ ಕ್ರಮ ಪ್ರಕಟವಾದ ಅದೇ 1951ರಲ್ಲಿ ನಮ್ಮ ದೇಶದಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂತು. ಕಾರ್ಮಿಕರಿಗೂ ಅವರ ಕುಟುಂಬದವರಿಗೂ ವೈದ್ಯಕೀಯ ಸೌಲಭ್ಯ ಒದಗಿಸುವ ಹೊಣೆಯನ್ನು ಅದು ತೋಟದ ಮಾಲೀಕರ ಮೇಲೆ ಹೊರಿಸಿತು. ಈಗ ಅದರ ಜಾಗಕ್ಕೆ 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಂಹಿತೆಯು ಬಂದಿದ್ದು 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಅದರಲ್ಲಿಯೂ ತೋಟದ ಕಾರ್ಮಿಕರ ಆರೋಗ್ಯ ಸೌಲಭ್ಯದ ಮಾತು ಉಳಿದಿದೆ. ಕಾಯ್ದೆಯ ಹೆಸರು ಬದಲಾಯಿತೆಂದು ಹೊಣೆ ಜಾರಿಹೋಗಬಾರದು.

ಕೆಮ್ಮಿಗೂ ಜ್ವರಕ್ಕೂ ಮಾತ್ರೆ ಕೊಟ್ಟು ಕಳುಹಿಸುವುದಷ್ಟೇ ವೈದ್ಯಕೀಯ ಸೌಲಭ್ಯವೇ? ಮಂಡಿ ಸವೆದವರಿಗೆ ಸಮತಟ್ಟಾದ ಜಾಗದ ಕೆಲಸ ಕೊಡುವುದು, ಚೀಲ ಅರ್ಧ ತುಂಬಿದಾಗಲೇ ಹತ್ತಿರದಲ್ಲಿ ತೂಕ ಹಾಕುವ ಏರ್ಪಾಡು ಮಾಡುವುದು, ಸೂಜಿಯಾದ ಮೇಲೆ ಕೆಲವು ದಿನ ಕೂಲಿ ಕಡಿಯದೆ ಹಗುರ ಕೆಲಸಕ್ಕೆ ಹಾಕುವುದು, ಇವೂ ಚಿಕಿತ್ಸೆಯೇ. ಇವಕ್ಕೆ ಅಮೆರಿಕದಿಂದ ಮದ್ದು ತರಿಸಬೇಕಾಗಿಲ್ಲ. ಹೆಚ್ಚು ಸೊಪ್ಪಿಗೆ ಹೆಚ್ಚು ಕೂಲಿ ಎಂಬ ಲೆಕ್ಕದಲ್ಲಿ ಮಂಡಿಯ ಸವೆತವನ್ನು ಯಾರೂ ಬರೆದಿಡುವುದಿಲ್ಲ. ಅದನ್ನು ಬರೆದಿಡುವಂತೆ ಕೇಳುವುದು ನಮ್ಮ ಸಂಘಗಳ ಕರ್ತವ್ಯ.

ನಾವು ಮಾಡಬೇಕಾದುದೂ ಇದೆ. ಮಂಡಿಗೆ ಸೂಜಿ ಹಾಕಿಸಿಕೊಳ್ಳುವ ಮೊದಲು ವೈದ್ಯರನ್ನು ಗೌರವದಿಂದಲೇ ಕೇಳಿರಿ: ಇದು ಯಾವ ಮದ್ದು? ಎಷ್ಟು ದಿನ ಕೆಲಸ ಮಾಡುತ್ತದೆ? ಮತ್ತೆ ಎಂದು ಹಾಕಬಹುದು? ಮದ್ದಿನ ಹೆಸರನ್ನೂ ತಾರೀಖನ್ನೂ ಒಂದು ಪುಸ್ತಕದಲ್ಲಿ ಬರೆಸಿಕೊಳ್ಳಿರಿ. ಬೇರೆ ವೈದ್ಯರ ಬಳಿ ಹೋದಾಗ ತೋರಿಸಿರಿ. ಒಂದೇ ಮಂಡಿಗೆ ಮೂರು ತಿಂಗಳೊಳಗೆ ಮತ್ತೆ ಸ್ಟೀರಾಯ್ಡ್ ಹಾಕಿಸಿಕೊಳ್ಳಬೇಡಿರಿ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿರಿ, ಏಕೆಂದರೆ ಸೂಜಿಯ ನಂತರ ಕೆಲವು ದಿನ ಸಕ್ಕರೆ ಏರುತ್ತದೆ. ಸೂಜಿಯಾದ ಮೇಲೆ ಜ್ವರ ಬಂದು ಮಂಡಿ ಕೆಂಪಾಗಿ ಊದಿದರೆ ಒಂದು ದಿನವೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿರಿ. ಅಪರೂಪವಾದರೂ ಕೀಲಿನೊಳಗೆ ಕೀವಾಗುವುದುಂಟು. ಹಗುರ ಕೆಲಸಕ್ಕೆ ವೈದ್ಯರಿಂದ ಚೀಟಿ ಬರೆಸಿಕೊಂಡು ತೋಟದ ಡಿಸ್ಪೆನ್ಸರಿಗೂ ರೈಟರಿಗೂ ಕೊಡಿರಿ. ಬಾಯಿಮಾತು ಮರೆತುಹೋಗುತ್ತದೆ, ಚೀಟಿ ಉಳಿಯುತ್ತದೆ.

ನೋವಿಲ್ಲದ ಆ ದಿನಗಳಲ್ಲಿ ವ್ಯಾಯಾಮವನ್ನು ಆರಂಭಿಸಿರಿ. ಬೆಂಚಿನ ಮೇಲೆ ಕುಳಿತು ಒಂದು ಕಾಲನ್ನು ನೇರ ಚಾಚಿ, ಐದು ಎಣಿಸುವವರೆಗೆ ಹಿಡಿದು, ಮೆಲ್ಲನೆ ಇಳಿಸುವುದು. ಹೀಗೆ ಪ್ರತಿ ಕಾಲಿಗೂ ಹತ್ತು ಸಲ. ನಿಮ್ಮ ಮಂಡಿಗೆ ಇದು ಸರಿಯೇ ಎಂದು ವೈದ್ಯರನ್ನು ಒಮ್ಮೆ ಕೇಳಿಕೊಳ್ಳಿರಿ. ಸ್ತ್ರೀಯರ ಕೂಟದವರು ಭಾನುವಾರ ಆರಾಧನೆಯ ನಂತರ ಹತ್ತು ನಿಮಿಷ ಇದನ್ನು ಕೂಡಿ ಮಾಡಬಾರದೇಕೆ? ಹಿಂದಿನ ಬೆಂಚು ಅದಕ್ಕೆ ತಕ್ಕ ಜಾಗವೇ.

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಬರುವ ಸಮಾರ್ಯದವನ ಸಾಮ್ಯವನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಅವನು ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹಾಕಿ ಕಟ್ಟಿದನು. ಅಂದಿನ ಕಾಲಕ್ಕೆ ಅದೇ ಒಳ್ಳೆಯ ಮದ್ದು. ಅಷ್ಟು ಮಾಡಿ, "ಎದ್ದು ನಿನ್ನ ದಾರಿ ಹಿಡಿ" ಎಂದು ಹೊರಟುಹೋಗಿದ್ದರೆ? ಅವನು ಹಾಗೆ ಮಾಡಲಿಲ್ಲ. ಗಾಯಗೊಂಡವನನ್ನು ನಡೆಸದೆ ತನ್ನ ವಾಹನದ ಮೇಲೆ ಕೂರಿಸಿದನು, ಛತ್ರಕ್ಕೆ ಕರೆದೊಯ್ದು ಆರೈಕೆ ಮಾಡಿದನು, ಮರುದಿನ ಛತ್ರದವನಿಗೆ ಹಣ ಕೊಟ್ಟನು, ಹಿಂತಿರುಗಿ ಬಂದಾಗ ಉಳಿದ ಖರ್ಚನ್ನೂ ಕೊಡುವೆನೆಂದು ಹೇಳಿದನು. ಮದ್ದು, ಹೊರೆ ಇಳಿಸುವುದು, ವಿಶ್ರಾಂತಿ, ಖರ್ಚು, ಮತ್ತೆ ಬಂದು ವಿಚಾರಿಸುವುದು, ಇವೆಲ್ಲ ಸೇರಿ ಒಂದು ಉಪಕಾರವಾಯಿತು.

ಮದ್ದು ಮಂಡಿಯಲ್ಲಿ ಹೆಚ್ಚು ದಿನ ನಿಲ್ಲುವಂತೆ ಮಾಡುವ ಕೆಲಸವನ್ನು ವಿಜ್ಞಾನಿಗಳು ಮಾಡುತ್ತಿದ್ದಾರೆ, ಅವರಿಗಾಗಿ ಪ್ರಾರ್ಥಿಸೋಣ. ಮದ್ದು ಹಾಕಿಸಿಕೊಂಡ ತಾಯಿಯ ಹೊರೆ ಇಳಿಸಿ ಅವಳನ್ನು ಛತ್ರದವರೆಗೆ ತಲುಪಿಸುವ ಕೆಲಸ ತೋಟದವರದು, ಸಂಘದವರದು, ಸಭೆಯವರದು. ಅದಕ್ಕೆ ಯಾವ ಪ್ರಯೋಗಶಾಲೆಯ ಅನುಮತಿಗೂ ಕಾಯಬೇಕಾಗಿಲ್ಲ. ಬರುವ ಭಾನುವಾರ ಹಿಂದಿನ ಬೆಂಚಿನ ತಾಯಂದಿರ ಬಳಿ ಕುಳಿತು, ನಿಮ್ಮ ಮಂಡಿಗೆ ಯಾವ ಮದ್ದು ಹಾಕಿದ್ದಾರೆ ಎಂದು ಕೇಳುವುದರಿಂದಲೇ ಆರಂಭಿಸೋಣ.